ಕೆನಡಾದಲ್ಲಿ ಕಾರ್ ಅಪಘಾತ, ಅಮೆರಿಕದಲ್ಲಿ ಕೆಲಸ: ಕೇಸ್ ಎಲ್ಲಿ ಹಾಕಬೇಕು, ವಾಪಸ್ ಬರುವುದು ಹೇಗೆ?

ಬಫಲೊವಾಸಿ:
ನನ್ನ ಗೆಳೆಯರೊಬ್ಬರ ವಿಷಯ. ಭಾರತದ ಪಾಸ್‌ಪೋರ್ಟ್, ನ್ಯೂಯಾರ್ಕ್ ರಾಜ್ಯದಲ್ಲಿ ಎಚ್-1ಬಿ (ಕೆಲಸದ ವೀಸಾ) ಮೇಲೆ ಕೆಲಸ. ಅಮೆರಿಕದ ವೀಸಾ ಸ್ಟಾಂಪಿನ ಅವಧಿ ಮುಗಿದಿದೆ, ಆದರೆ ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಅಂತ ತೋರಿಸುವ ದಾಖಲೆ) ಚಾಲ್ತಿಯಲ್ಲಿದೆ. ಕೆನಡಾದ ವಿಸಿಟರ್ ವೀಸಾ ತಗೊಂಡು ವಾರಾಂತ್ಯಕ್ಕೆ ಸ್ವಂತ ಕಾರಿನಲ್ಲಿ ಹೋಗಿದ್ದರು. ಒಂಟಾರಿಯೊ ಪ್ರಾಂತ್ಯದ ಹ್ಯಾಮಿಲ್ಟನ್ ಹತ್ತಿರ ಅದೇ ಪ್ರಾಂತ್ಯದ ಕಾರೊಂದು ಹಿಂದಿನಿಂದ ಗುದ್ದಿತು. ಸೊಂಟದ ಮೂಳೆ ಮುರಿದಿದೆ, ಅಲ್ಲೇ ಆಸ್ಪತ್ರೆಯಲ್ಲಿದ್ದಾರೆ, ಎರಡು ವಾರ ಆಗುತ್ತಾ ಬಂತು. ನ್ಯೂಯಾರ್ಕ್‌ನಲ್ಲೇ ಕೇಸ್ ಹಾಕು, ಅಲ್ಲಿ ಜಾಸ್ತಿ ದುಡ್ಡು ಸಿಗುತ್ತೆ ಅಂತ ಸುತ್ತಲಿನವರೆಲ್ಲ ಹೇಳ್ತಿದ್ದಾರೆ. ನಿಜವಾ?

ಶ್ರೀಧರ ಕೆ:
ನನ್ನ ಪ್ರಕಾರ ನಿಜ. 1963ರ ಬ್ಯಾಬ್‌ಕಾಕ್ ವರ್ಸಸ್ ಜಾಕ್ಸನ್ ತೀರ್ಪು ನೋಡಿ. ರಾಚೆಸ್ಟರ್‌ನವರು ಕಾರಿನಲ್ಲಿ ಒಂಟಾರಿಯೊಗೆ ಹೋಗಿ ಗೋಡೆಗೆ ಗುದ್ದಿದ್ದರು. ಪುಕ್ಕಟೆಯಾಗಿ ಕರೆದುಕೊಂಡು ಹೋದ ಚಾಲಕನ ಮೇಲೆ ಪ್ರಯಾಣಿಕರು ಕೇಸ್ ಹಾಕುವ ಹಾಗಿಲ್ಲ ಅಂತ ಆಗ ಒಂಟಾರಿಯೊದಲ್ಲಿ ಕಾನೂನಿತ್ತು. ಆದರೂ ನ್ಯೂಯಾರ್ಕ್ ಕೋರ್ಟ್ ತನ್ನದೇ ಕಾನೂನು ಹಿಡಿದು ಪ್ರಯಾಣಿಕರ ಪರ ನಿಂತಿತು. ಅಪಘಾತ ಎಲ್ಲಾಯಿತು ಅನ್ನುವುದೇ ಎಲ್ಲವನ್ನೂ ತೀರ್ಮಾನಿಸಲ್ಲ.

ಟೊರಾಂಟೊ ಓದುಗಿ:
ಶ್ರೀಧರ ಅವರೇ, ಆ ಕೇಸಿನಲ್ಲಿ ಎರಡೂ ಕಡೆಯವರು ನ್ಯೂಯಾರ್ಕಿನವರು, ಅದಕ್ಕೇ ಹಾಗಾಯಿತು. 1972ರ ನ್ಯೂಮಯರ್ ವರ್ಸಸ್ ಕೂನರ್ ನೋಡಿ. ನ್ಯೂಯಾರ್ಕ್ ರಾಜ್ಯದ ಬಫಲೊದ ಚಾಲಕ, ಒಂಟಾರಿಯೊದ ಪ್ರಯಾಣಿಕ, ಒಂಟಾರಿಯೊದಲ್ಲಿ ರೈಲಿಗೆ ಸಿಕ್ಕಿ ಇಬ್ಬರೂ ಸತ್ತರು. ಅದೇ ನ್ಯೂಯಾರ್ಕ್ ಕೋರ್ಟ್ ಅಲ್ಲಿ ಒಂಟಾರಿಯೊ ಕಾನೂನನ್ನೇ ಅನ್ವಯಿಸಿತು. ಇಬ್ಬರ ಊರು ಬೇರೆ ಬೇರೆಯಾದರೆ ಸಾಮಾನ್ಯವಾಗಿ ಅಪಘಾತ ನಡೆದ ಜಾಗದ ಕಾನೂನೇ. ಇಲ್ಲಿ ಗುದ್ದಿದವರು ಒಂಟಾರಿಯೊದವರು, ಗುದ್ದಿದ್ದೂ ಒಂಟಾರಿಯೊದಲ್ಲೇ. ಅವರನ್ನು ನ್ಯೂಯಾರ್ಕ್ ಕೋರ್ಟಿಗೆ ಎಳೆಯುವ ಅಧಿಕಾರ ಎಲ್ಲಿಂದ ಬರಬೇಕು?

ಶ್ರೀಧರ ಕೆ:
ಆ ಚಾಲಕರು ನ್ಯೂಯಾರ್ಕಿಗೆ ಬಂದಾಗ ಕೈಗೇ ನೋಟಿಸ್ ಕೊಟ್ಟರೆ ಅಧಿಕಾರ ಬರುತ್ತೆ. ಗಡಿ ಊರುಗಳಲ್ಲಿ ಜನ ಆ ಕಡೆ ಈ ಕಡೆ ಓಡಾಡುತ್ತಲೇ ಇರುತ್ತಾರೆ.

ಟೊರಾಂಟೊ ಓದುಗಿ:
ಬರಬಹುದು. ಆದರೆ ಪೊಲೀಸ್ ವರದಿ, ಸಾಕ್ಷಿಗಳು, ಡಾಕ್ಟರು, ಗುದ್ದಿದ ಕಾರು, ಎಲ್ಲ ಒಂಟಾರಿಯೊದಲ್ಲಿದೆ. ವಿಚಾರಣೆಗೆ ಅದೇ ಸರಿಯಾದ ಜಾಗ ಅಂತ ಎದುರಿನವರ ವಕೀಲರು ಕೇಳಿಯೇ ಕೇಳ್ತಾರೆ, ಕೋರ್ಟ್ ಒಪ್ಪಲೂಬಹುದು. ಅಷ್ಟರಲ್ಲಿ ಒಂಟಾರಿಯೊದ ಗಡುವು ಮುಗಿದರೆ? ಇಲ್ಲಿ ದಾವೆ ಹೂಡಲು ಸಾಮಾನ್ಯವಾಗಿ 2 ವರ್ಷ. ನ್ಯೂಯಾರ್ಕ್‌ನಲ್ಲಿ ನಿರ್ಲಕ್ಷ್ಯದ ಗಾಯಕ್ಕೆ 3 ವರ್ಷ ಇದೆ, ಹಾಗಾಗಿ ಅಲ್ಲಿಯವರು ಟೈಮ್ ಇದೆ ಅಂತ ಸುಮ್ನೆ ಕೂತುಬಿಡ್ತಾರೆ. 1994ರ ಟಾಲೆಫ್‌ಸನ್ ತೀರ್ಪಿನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅಪಘಾತ ನಡೆದ ಜಾಗದ ಕಾನೂನೇ ಅನ್ವಯ ಅಂದಿತು, ದಾವೆಯ ಗಡುವೂ ಅದರಲ್ಲೇ ಸೇರುತ್ತೆ ಅಂತಲೂ ಹೇಳಿತು.

ಗಿರಿ:
ಹಣದ ಮಾತೂ ಬಿಡಿಸಿ ಹೇಳಬೇಕು. ನೋವಿಗೆ ಕೊಡುವ ಪರಿಹಾರಕ್ಕೆ ಕೆನಡಾದಲ್ಲಿ ಮೇಲ್ಮಿತಿ ಇದೆ. 1978ರಲ್ಲಿ 1 ಲಕ್ಷ ಡಾಲರ್ ಅಂತ ಸುಪ್ರೀಂ ಕೋರ್ಟ್ ನಿಗದಿ ಮಾಡಿತು, ಬೆಲೆ ಏರಿಕೆ ಸೇರಿ ಈಗ 4 ಲಕ್ಷ ದಾಟಿದೆ. ಆ ಮೊತ್ತ ತೀರಾ ಗಂಭೀರ ಗಾಯಗಳಿಗೆ ಮಾತ್ರ. ಒಂಟಾರಿಯೊದಲ್ಲಿ ಕಾರ್ ಅಪಘಾತವಾದರೆ ಗಾಯ ಶಾಶ್ವತ ಮತ್ತು ಗಂಭೀರ ಅಂತ ತೋರಿಸಬೇಕು. ತೋರಿಸಿದರೂ ನೋವಿನ ಮೊತ್ತ ದೊಡ್ಡದಿಲ್ಲದಿದ್ದರೆ ಅದರಲ್ಲಿ 40 ಸಾವಿರ ಡಾಲರ್‌ಗಿಂತ ಜಾಸ್ತಿ ಕಡಿತ. ಸೋತರೆ ಎದುರಿನವರ ವಕೀಲರ ಖರ್ಚಿನಲ್ಲಿ ಪಾಲು ಕೊಡಬೇಕಾಗುತ್ತೆ. ಹೊರಗಿನವರು ಕೇಸ್ ಹಾಕಿದರೆ ಆ ಖರ್ಚಿಗೆ ಭದ್ರತೆಯಾಗಿ ಮೊದಲೇ ಹಣ ಕಟ್ಟಿ ಅಂತ ಕೋರ್ಟ್ ಹೇಳಬಹುದು. ಆದರೆ ಹೋದ ಸಂಬಳಕ್ಕೂ ಮುಂದಿನ ಚಿಕಿತ್ಸೆಯ ಖರ್ಚಿಗೂ ಆ ಮೇಲ್ಮಿತಿ ಇಲ್ಲ. ನಿಮ್ಮ ಗೆಳೆಯರಿಗೆ ದೊಡ್ಡ ಮೊತ್ತ ಬಂದರೆ ಬರುವುದು ಅದರಿಂದಲೇ. ಸಂಬಳದ ಚೀಟಿಗಳನ್ನು ಈಗಲೇ ಒಂದು ಕಡೆ ಜೋಡಿಸಿಡಲಿ.

ಬಫಲೊವಾಸಿ:
ಸದ್ಯದ ಆಸ್ಪತ್ರೆ ಬಿಲ್ ಯಾರು ಕಟ್ಟಬೇಕು?

ಗಿರಿ:
ಅವರ ಸ್ವಂತ ಕಾರಿನ ವಿಮೆ. ನ್ಯೂಯಾರ್ಕ್ ಪಾಲಿಸಿಯ ನೋ-ಫಾಲ್ಟ್ ಭಾಗ ಕೆನಡಾದ ಅಪಘಾತಕ್ಕೂ ಅನ್ವಯ, ತಪ್ಪು ಯಾರದೇ ಇರಲಿ ಮೂಲ ಮಿತಿ 50 ಸಾವಿರ ಡಾಲರ್. ಆದರೆ 30 ದಿನದೊಳಗೆ ಲಿಖಿತವಾಗಿ ತಿಳಿಸಬೇಕು, ಇದನ್ನು ಇವತ್ತೇ ಮಾಡಿ. ಒಂಟಾರಿಯೊದ ಅಪಘಾತ ಸವಲತ್ತುಗಳ ಬಗ್ಗೆಯೂ ಅದೇ ಕಂಪನಿಯನ್ನು ಕೇಳಿ. ಕೆನಡಾದ ನಿಯಂತ್ರಕರಿಗೆ ಮುಚ್ಚಳಿಕೆ ಬರೆದುಕೊಟ್ಟ ಅಮೆರಿಕದ ಕಂಪನಿಗಳು ಅಪಘಾತ ನಡೆದ ಪ್ರಾಂತ್ಯದ ಕನಿಷ್ಠ ಮಟ್ಟಕ್ಕೆ ಕೊಡಲೇಬೇಕು. ಅಲ್ಲಿ ವಿಮೆಯವರಿಗೆ ತಿಳಿಸುವ ಗಡುವು 7 ದಿನ, ದಾಟಿದ್ದರೆ ಕಾರಣ ಬರೆದು ಕಳಿಸಿ. ಆಫೀಸಿನ ಆರೋಗ್ಯ ವಿಮೆಗೂ ಫೋನ್ ಮಾಡಿ.

ಲತಾ ಎಂ:
ನೀವೆಲ್ಲ ಕೋರ್ಟಿನಲ್ಲೇ ಇದ್ದೀರಿ! ಅವರ ವೀಸಾ ಸ್ಟಾಂಪ್ ಮುಗಿದಿದೆ. ಆಟೊಮ್ಯಾಟಿಕ್ ರೀವ್ಯಾಲಿಡೇಶನ್ ಅನ್ನುವ ನಿಯಮ ನಂಬಿಕೊಂಡು ತಾನೇ ಹೋಗಿದ್ದು? ಕೆನಡಾ ಅಥವಾ ಮೆಕ್ಸಿಕೊದಲ್ಲಿ 30 ದಿನ ಮೀರದ ಹಾಗೆ ಇದ್ದು, ಚಾಲ್ತಿಯಲ್ಲಿರುವ ಐ-94 ತೋರಿಸಿದರೆ, ಹಳೆಯ ಸ್ಟಾಂಪಿನಲ್ಲೇ ವಾಪಸ್ ಬರಬಹುದು. ಎರಡು ವಾರ ಹೋಯಿತು ಅಂದರೆ ಅರ್ಧ ಹೋಯಿತು. ಮೊದಲು ಅದನ್ನು ನೋಡಿ, ಕೇಸಿಗೆ 2 ವರ್ಷ ಇದೆ.

ಶ್ರೀಧರ ಕೆ:
ಆಸ್ಪತ್ರೆಯಲ್ಲಿದ್ದವರಿಗೆ ವಿನಾಯಿತಿ ಕೊಡಲ್ವಾ? ಡಾಕ್ಟರ್ ಪತ್ರ ತೋರಿಸಿದರೆ ಗಡಿ ಅಧಿಕಾರಿಗಳೂ ಮನುಷ್ಯರೇ ಅಲ್ವಾ.

ಲತಾ ಎಂ:
ಆ ನಿಯಮದಲ್ಲಿ ಆಸ್ಪತ್ರೆಗೆ ಅಂತ ವಿನಾಯಿತಿ ಬರೆದಿಲ್ಲ. ಅಧಿಕಾರಿಯ ದಯೆ ನಂಬಿ ಸೊಂಟ ಮುರಿದವರನ್ನು ಗಡಿಯ ತನಕ ಕಳಿಸಬೇಡಿ. 30 ದಿನ ದಾಟಿದರೆ ಹೊಸ ವೀಸಾ ಬೇಕು. 2025ರ ಸೆಪ್ಟೆಂಬರ್‌ನಿಂದ ಸ್ವಂತ ದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲೇ ಸಂದರ್ಶನಕ್ಕೆ ಹೋಗಿ ಅಂತ ಅಮೆರಿಕ ಹೇಳುತ್ತಿದೆ. ಅಂದರೆ ಅವರು ಈ ಸ್ಥಿತಿಯಲ್ಲಿ ಭಾರತಕ್ಕೆ ಹಾರಬೇಕಾಗಬಹುದು. ಇನ್ನೊಂದು, ಗಾಬರಿಯಲ್ಲಿ ಕೆನಡಾದಿಂದಲೇ ವೀಸಾ ಅರ್ಜಿ ಹಾಕಿಬಿಟ್ಟರೆ ಈ ಸೌಲಭ್ಯ ಕೈಬಿಟ್ಟು ಹೋಗುತ್ತೆ, ದಿನ ಉಳಿದಿದ್ದರೂ ಅಷ್ಟೇ. ಕೆನಡಾ ಕಡೆಯಿಂದ ಅವಸರವಿಲ್ಲ, ಪ್ರವಾಸಿಗಳಿಗೆ ಸಾಮಾನ್ಯವಾಗಿ 6 ತಿಂಗಳು ಕೊಡ್ತಾರೆ, ಬೇಕಾದರೆ ಮುಗಿಯುವ ಮೊದಲೇ ವಿಸ್ತರಣೆ ಕೇಳಬಹುದು.

ಟೊರಾಂಟೊ ಓದುಗಿ:
ಲತಾ ಹೇಳಿದ್ದು ಸರಿ. ಡಾಕ್ಟರ್ ಒಪ್ಪಿದರೆ ಅಂಬುಲೆನ್ಸಿನಲ್ಲೇ ಬಫಲೊದ ಆಸ್ಪತ್ರೆಗೆ ಸಾಗಿಸುವ ಬಗ್ಗೆ ವಿಮೆಯವರನ್ನು ಕೇಳಿ. ಆದರೆ ವೀಸಾಕ್ಕೆ ಹೆದರಿ ಡಾಕ್ಟರ್ ಬೇಡ ಅಂದರೂ ಹೊರಡುವುದು ಬೇಡ. ಆಮೇಲೆ ಒಂಟಾರಿಯೊದ ಕೇಸಿಗೆ ವಿಡಿಯೊ ಮೂಲಕ ಹಾಜರಾಗುವ ಅವಕಾಶ ಬಹಳಷ್ಟು ಹಂತಗಳಲ್ಲಿ ಇದೆ.

ಶ್ರೀಧರ ಕೆ:
30 ದಿನದ ವಿಷಯ ಒಪ್ಪಿದೆ. ಕೇಸ್ ವಿಷಯದಲ್ಲಿ ಮಾತ್ರ, ಎರಡೂ ಕಡೆಯ ವಕೀಲರನ್ನು ಕೇಳದೆ ನ್ಯೂಯಾರ್ಕ್ ಬಾಗಿಲು ಮುಚ್ಚಬೇಡಿ ಅಂತಲೇ ನನ್ನ ಮಾತು.

ಬಫಲೊವಾಸಿ:
ಪಾಲಿಸಿ ಕಾಗದ ಸಿಕ್ಕಿತು, ನೋ-ಫಾಲ್ಟ್ ಅರ್ಜಿ ತುಂಬುತ್ತಿದ್ದೇನೆ. ಸಾಗಿಸಬಹುದಾ ಅಂತ ಡಾಕ್ಟರನ್ನು ನಾಳೆ ಕೇಳ್ತಾರಂತೆ. ಎದುರಿನವರ ವಿಮೆ ಕಂಪನಿಯಿಂದಲೂ ಫೋನ್ ಬಂದಿದೆ, ಸಹಿಗೆ ಏನೋ ಕಾಗದ ಕಳಿಸ್ತಾರಂತೆ.

ಗಿರಿ:
ವಕೀಲರು ನೋಡುವ ತನಕ ಅದಕ್ಕೆ ಸಹಿ ಬೇಡ, ಫೋನಿನಲ್ಲಿ ಹೇಳಿಕೆಯನ್ನೂ ಕೊಡಬೇಡಿ. ಇನ್ನು ಪರಿಹಾರ ಕೇಳಲ್ಲ ಅನ್ನುವ ಬಿಡುಗಡೆ ಪತ್ರಕ್ಕೆ ಸಹಿ ಬಿದ್ದರೆ ಇಷ್ಟು ಹೊತ್ತು ನಾವು ಚರ್ಚಿಸಿದ ಕೇಸ್ ಯಾವ ಕೋರ್ಟಿನಲ್ಲೂ ಉಳಿಯುವುದು ಕಷ್ಟ.