ಇಯರ್ ಮೋಲ್ಡ್ ನೋವಿಲ್ಲದೆ ಕೂರಬೇಕಾದರೆ ಏನು ಮಾಡಬೇಕು?

ಅಮ್ಮನಿಗೆ ಹಿಯರಿಂಗ್ ಏಡ್ ಜೊತೆ ಹೊಸ ಇಯರ್ ಮೋಲ್ಡ್ (ಕಿವಿಯ ಅಳತೆಗೇ ಮಾಡಿದ, ಕಿವಿಯೊಳಗೆ ಕೂರುವ ಭಾಗ) ಮಾಡಿಸಿದ್ದೇವೆ. ಸ್ವಲ್ಪ ಹೊತ್ತಿಗೇ ಕಿವಿ ನೋಯುತ್ತದೆ ಅಂತಾರೆ. ಊಟಕ್ಕೆ ಕೂತರೆ ಮಶೀನು ಕುಯ್ ಅಂತ ಕೂಗುತ್ತದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

• ಅಗಿಯುವಾಗ ಮಾತ್ರ ಕೂಗುತ್ತದೆ ಅಂದರೆ ಮೋಲ್ಡ್ ಮಾಡಲು ಕಿವಿಯ ಅಚ್ಚು ಹೇಗೆ ತೆಗೆದರು ಅಂತ ಮೊದಲು ಕೇಳಿ. ದವಡೆ ಆಡಿದಾಗ ಕಿವಿಯ ಒಳದಾರಿಯ ಆಕಾರ ಬದಲಾಗುತ್ತದೆ. ಕಿರುಬೆರಳು ಕಿವಿಗಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ, ಗೊತ್ತಾಗುತ್ತದೆ. ಬಾಯಿ ಮುಚ್ಚಿಸಿ ತೆಗೆದ ಅಚ್ಚಿನ ಮೋಲ್ಡ್ ಅಗಿಯುವಾಗ ಸಡಿಲವಾಗಬಹುದು, ಆಗ ಆ ಸಂದಿಯಿಂದ ಸದ್ದು ಹೊರಗೆ ಸೋರಿ ಮತ್ತೆ ಮೈಕ್‌ಗೇ ಹೋಗಿ ಕೂಗುತ್ತದೆ. ನನ್ನ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಮೊದಲು ಲೈಟ್ ಹಾಕಿ ಗುಗ್ಗೆ ಇದೆಯಾ ಅಂತ ನೋಡಿದರು. ನೂಲು ಕಟ್ಟಿದ ಪುಟ್ಟ ಸ್ಪಂಜನ್ನು ಒಳಗಿಟ್ಟರು. ಆಮೇಲೆ ಹಲ್ಲಿನ ನಡುವೆ ಒಂದು ತುಂಡು ಕಚ್ಚಿಸಿ, ಬಾಯಿ ತೆರೆದಂತೆಯೇ ಸಿಲಿಕೋನ್ ತುಂಬಿದರು. ತಣ್ಣಗೆ, ಕಿವಿ ಪೂರ್ತಿ ಮುಚ್ಚಿದ ಹಾಗೆ ಇರುತ್ತದೆ, ಅಷ್ಟೇ. ನೋವಾಗಲ್ಲ.

ಇನ್ನು ನೋವು. ಮೋಲ್ಡ್ ತೆಗೆದ ಕೂಡಲೇ ಎಲ್ಲಿ ಕೆಂಪಾಗಿದೆ ಅಂತ ಫೋಟೋ ತೆಗೆದಿಡಿ. ಸುಮ್ನೆ "ನೋಯುತ್ತದೆ" ಅನ್ನೋದಕ್ಕಿಂತ ಆ ಜಾಗ ತೋರಿಸಿದರೆ ಅವರಿಗೆ ಬೇಗ ತಿಳಿಯುತ್ತದೆ. ಎಷ್ಟೋ ಸಲ ಮೋಲ್ಡಿನ ಮೇಲ್ತುದಿ ಕಿವಿಯ ಮಡಿಕೆಯೊಳಗೆ ಸೇರಿರುವುದಿಲ್ಲ, ಅದೇ ಒತ್ತುತ್ತಿರುತ್ತದೆ. ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಹಾಕಿ ನೋಡಿ. ಗಟ್ಟಿಯಾದ ಅಕ್ರಿಲಿಕ್ ಮೋಲ್ಡ್ ಆದರೆ ಅವರೇ ಉಜ್ಜಿ ಪಾಲಿಶ್ ಮಾಡಿ ಕೊಡುತ್ತಾರೆ. ಮೆತ್ತನೆಯ ಸಿಲಿಕೋನನ್ನು ಹಾಗೆ ಉಜ್ಜುವುದು ಕಷ್ಟ, ಹೊಸ ಅಚ್ಚೇ ಬೇಕಾಗಬಹುದು. ಮನೆಯಲ್ಲಿ ಉಜ್ಜೋಕೆ ಹೋಗಬೇಡಿ. ಹುಣ್ಣಾಗಿದ್ದರೆ, ಕಿವಿ ಸೋರುತ್ತಿದ್ದರೆ ಹಾಕುವುದನ್ನು ನಿಲ್ಲಿಸಿ ಇಎನ್‌ಟಿ ಡಾಕ್ಟರಿಗೆ ತೋರಿಸಿ.

• ನನ್ನ ಮಗಳಿಗೆ ಮೈಸೂರಿನ ಆಯಿಷ್‌ನಲ್ಲಿ, ಅದೇ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡಿಸುತ್ತೇವೆ. ಮಕ್ಕಳ ಕಿವಿ ಬೆಳೆಯುತ್ತಲೇ ಇರುತ್ತದೆ, ಕೆಲವೇ ತಿಂಗಳಿಗೆ ಹೊಸದು ಬೇಕು. ದೊಡ್ಡವರಿಗೆ ಅಷ್ಟು ಬೇಗ ಬೇಡ, ಆದರೆ ಮೋಲ್ಡನ್ನು ಮಶೀನಿಗೆ ಸೇರಿಸುವ ಟ್ಯೂಬ್ ಹಳದಿಯಾಗಿ ಗಟ್ಟಿಯಾದರೆ ಅದೂ ಮೋಲ್ಡನ್ನು ಎಳೆಯುತ್ತದೆ. ಟ್ಯೂಬ್ ಮಾತ್ರ ಬದಲಿಸಿದರೆ ಸಾಕು. ತೊಳೆಯುವಾಗ ಮಶೀನಿನಿಂದ ಬಿಚ್ಚಿ, ಸೋಪು ನೀರಲ್ಲಿ ತೊಳೆದು, ಟ್ಯೂಬಿನೊಳಗಿನ ನೀರನ್ನು ಕೈಯಲ್ಲಿ ಒತ್ತುವ ಪುಟ್ಟ ರಬ್ಬರ್ ಬ್ಲೋವರ್‌ನಿಂದ ಊದಿ ತೆಗೆಯಿರಿ. ಸ್ಪಿರಿಟ್ ಬೇಡ.

• ಅಮ್ಮನಿಗೆ ತಮ್ಮ ಮಾತೇ ಗುಂಯ್ ಅಂತ ಕೇಳಿಸುತ್ತಾ, ಅದನ್ನೂ ಕೇಳಿ. ನಮ್ಮ ತಂದೆಯವರಿಗೆ ಹಾಗಾಗುತ್ತಿತ್ತು. ಮೋಲ್ಡಿನಲ್ಲಿರುವ ಗಾಳಿತೂತು ಸ್ವಲ್ಪ ದೊಡ್ಡದು ಮಾಡಿದ ಮೇಲೆ ಹಗುರಾಯಿತು. ಜಾಸ್ತಿ ದೊಡ್ಡದಾದರೆ ಮತ್ತೆ ಕೂಗುತ್ತದೆ, ಅದಕ್ಕೇ ಅಮ್ಮನನ್ನೂ ಕರೆದುಕೊಂಡು ಹೋಗಿ, ಅಲ್ಲೇ ಹಾಕಿಸಿ, ಏನಾದರೂ ಅಗಿಯಲು ಕೊಟ್ಟು ನೋಡಿಕೊಂಡೇ ಬನ್ನಿ.