ಹೊಸ ನಾಣ್ಯ ಕೈಗೆ ಬಂದಾಗ ಮೊದಲು ಏನು ಮಾಡ್ತೀರಿ?

ಸಂಗ್ರಹ ಶುರು ಮಾಡಿ ಎರಡು ತಿಂಗಳಾಯಿತು. ಮೊನ್ನೆ ಮರಿಯಾ ತೆರೇಸಾ ಥೇಲರ್ ಒಂದು ಸಿಕ್ಕಿತು, ಆಸ್ಟ್ರಿಯಾದ ರಾಣಿಯ ಹೆಸರಿನ ಬೆಳ್ಳಿ ನಾಣ್ಯ. ಇಸವಿ 1780, ಪೂರ್ತಿ ಕಪ್ಪಗಾಗಿದೆ. ತೊಳೆಯಬಹುದಾ? ಈಚೆಗೆ ನಿಮಗೆ ಸಿಕ್ಕಿದ್ದನ್ನೂ ಹೇಳಿ.

—

ತೊಳೀಬೇಡಿ ಮಾರಾಯ್ರೇ! ನನ್ನ ಮೊದಲ ಬೆಳ್ಳಿ ನಾಣ್ಯವನ್ನು ಟೂತ್‌ಪೇಸ್ಟ್ ಹಾಕಿ ಉಜ್ಜಿದ್ದೆ. ಫಳಫಳ ಹೊಳೆಯಿತು. ಖುಷಿಯಲ್ಲಿ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದರೆ ಮುಖದ ತುಂಬ ಕೂದಲೆಳೆಯಂಥ ಗೀರು. ಈಗಲೂ ಅದನ್ನು ಯಾರಿಗೂ ತೋರಿಸುವುದಿಲ್ಲ. ಆ ಕಪ್ಪು ಕೊಳೆಯಲ್ಲ, ಗಾಳಿಯಲ್ಲಿನ ಗಂಧಕ ತಾಗಿ ಬೆಳ್ಳಿಯ ಮೇಲೆ ಕೂತ ತೆಳು ಪದರ. ಉಜ್ಜಿದರೆ ಬೆಳ್ಳಿಯೂ ಜೊತೆಗೇ ಹೋಗುತ್ತದೆ.

—

ಇಸವಿ ನೋಡಿ ಹಿಗ್ಗಬೇಡಿ. 1780 ರಾಣಿ ತೀರಿಕೊಂಡ ವರ್ಷ. ಆಮೇಲೂ ಅದೇ ಇಸವಿ ಹಾಕಿ ಟಂಕಿಸುತ್ತಲೇ ಬಂದರು. ವಿಯೆನ್ನಾ ಅಷ್ಟೇ ಅಲ್ಲ, ರೋಮ್, ಲಂಡನ್, ಪ್ಯಾರಿಸ್, ಬಾಂಬೆ ಟಂಕಸಾಲೆಗಳಲ್ಲೂ. ಅರೇಬಿಯಾ, ಇಥಿಯೋಪಿಯಾ ಕಡೆಯ ವ್ಯಾಪಾರಿಗಳಿಗೆ ಈ ನಾಣ್ಯವೇ ಬೇಕಿತ್ತು. ಹಾಗಾಗಿ ನಿಮ್ಮದು 20ನೇ ಶತಮಾನದ್ದೂ ಇರಬಹುದು. ತೂಕ ಸುಮಾರು 28.07 ಗ್ರಾಂ ಇರಬೇಕು. ಅಂಚನ್ನೂ ನೋಡಿ, ಲ್ಯಾಟಿನ್‌ನಲ್ಲಿ 'ನ್ಯಾಯ ಮತ್ತು ಕರುಣೆ' ಎಂಬರ್ಥದ ಉಬ್ಬಕ್ಷರ ಇರುತ್ತದೆ.

—

ತೂಕದ ಮಾತಿಗೆ ನನ್ನದೂ ಒಂದು. ಹೋದ ವಾರ 1921ರ ಮಾರ್ಗನ್ ಡಾಲರ್ ಬಂತು, ಅಮೆರಿಕದ ಹಳೇ ಬೆಳ್ಳಿ ನಾಣ್ಯ. 26.73 ಗ್ರಾಂ ಇರಬೇಕಾದದ್ದು 23ರ ಹತ್ತಿರ ತೂಗಿತು. ಅಯಸ್ಕಾಂತ ಅಂಟಲಿಲ್ಲ, ಅದಕ್ಕೇ ಮೊದಲು ನಂಬಿಬಿಟ್ಟಿದ್ದೆ. ಹಿತ್ತಾಳೆಗೂ ಅಂಟಲ್ಲ ಅಲ್ವಾ! ಭೂತಗನ್ನಡಿಯಲ್ಲಿ ಅಕ್ಷರಗಳ ನಡುವೆ ಸಣ್ಣ ಸಣ್ಣ ಗುಳಿ ಕಂಡವು. ಅಚ್ಚಿಗೆ ಲೋಹ ಹೊಯ್ದು ಮಾಡಿದ ನಕಲು. ವಾಪಸ್ ಕಳಿಸಿದೆ. ಅದಕ್ಕೇ ಗ್ರಾಂನ ನೂರನೇ ಭಾಗ ತೋರಿಸುವ ತಕ್ಕಡಿ ಇಟ್ಟುಕೊಳ್ಳಿ, ಆಲ್ಬಂ ಆಮೇಲೆ ಕೊಂಡರಾಯಿತು.

—

ಆಲ್ಬಂ ಅಂದಿರಲ್ಲ, ಮೆತ್ತಗಿನ ಪಿವಿಸಿ ಹಾಳೆಯದ್ದು ಬೇಡ. ಕೆಲವು ವರ್ಷ ಕಳೆದರೆ ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ. ಹಾಗಾದರೆ ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆಯಿರಿ, ಉಜ್ಜಬೇಡಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ನೇಲ್ ಪಾಲಿಶ್ ರಿಮೂವರ್ ಸುರಿಯಬೇಡಿ, ಅದರಲ್ಲಿ ಸುಗಂಧ, ಎಣ್ಣೆ ಏನೇನೋ ಬೆರೆಸಿರುತ್ತಾರೆ.

—

ಎಲ್ಲರಿಗೂ ಥ್ಯಾಂಕ್ಸ್. ತೂಗಿದೆ, 28.04 ಬಂತು. ಅಂಚಿನ ಅಕ್ಷರ ಸುಮ್ನೆ ಗೀರು ಅಂದುಕೊಂಡಿದ್ದೆ, ಓದಲು ಬರುತ್ತಿದೆ! ಟೂತ್‌ಪೇಸ್ಟ್ ಬಚ್ಚಲಿಗೆ ವಾಪಸ್ ಹೋಯಿತು.