ಸಿಂಗಪುರದ ಚೈನಾಟೌನ್: ಗೈಡ್ ಜೊತೆ ನಡೆದು ನೋಡುವುದಾ, ನಾವೇ ಸುತ್ತುವುದಾ? ಹೋಗಿ ಬಂದವರು ಹೇಳಿ

ದಾವಣಗೆರೆ ಸೊಸೆ ಕೇಳಿದ್ದು:

ನವೆಂಬರ್‌ನಲ್ಲಿ ಐದು ದಿನ ಸಿಂಗಪುರಕ್ಕೆ ಹೊರಟಿದ್ದೇವೆ. ನಾನು, ಯಜಮಾನರು, ಎಂಟನೇ ಕ್ಲಾಸಿನ ಮಗಳು, ಜೊತೆಗೆ ಎಪ್ಪತ್ತು ದಾಟಿದ ಅತ್ತೆ. ಒಂದು ಬೆಳಗ್ಗೆ ಗೈಡ್ ಜೊತೆ ಚೈನಾಟೌನ್ ನಡೆದು ನೋಡಬೇಕು ಅಂತ ನನ್ನ ಆಸೆ. ‘ಅಲ್ಲಿ ಕೀಚೈನ್ ಅಂಗಡಿ ಬಿಟ್ಟರೆ ಏನಿದೆ, ಅದಕ್ಕೆ ಬೇರೆ ದುಡ್ಡು ಕೊಡಬೇಕಾ’ ಅಂತಾರೆ ಯಜಮಾನರು. ಅತ್ತೆಗೆ ಮಂಡಿನೋವು. ಈರುಳ್ಳಿ, ಬೆಳ್ಳುಳ್ಳಿನೂ ತಿನ್ನುವುದಿಲ್ಲ. ಏನು ಮಾಡಲಿ?

ಬೆಡೋಕ್ ಬಸಣ್ಣ:

ಅಕ್ಕ, ನಾನು ಇಲ್ಲೇ ಹನ್ನೊಂದು ವರ್ಷದಿಂದ ಇದ್ದೇನೆ. ಊರಿಂದ ಬಂದವರನ್ನೆಲ್ಲ ಚೈನಾಟೌನ್‌ಗೆ ಕರೆದುಕೊಂಡು ಹೋಗಿ ಹೋಗಿ ನಾನೇ ಅರ್ಧ ಗೈಡ್ ಆಗಿಬಿಟ್ಟಿದ್ದೇನೆ. ಆದರೂ ಹೇಳ್ತೀನಿ, ಒಳ್ಳೆಯ ಗೈಡ್ ಸಿಕ್ಕರೆ ಬಿಡಬೇಡಿ. ಯಜಮಾನರು ಹೇಳುವುದು ಪಗೋಡಾ ಸ್ಟ್ರೀಟಿನ ಮಟ್ಟಿಗೆ ನಿಜ. ಸುಮ್ನೆ ಮೆಟ್ರೋ ಇಳಿದು ಹೊರಗೆ ಬಂದರೆ ಎರಡೂ ಕಡೆ ಫ್ರಿಜ್ ಮ್ಯಾಗ್ನೆಟ್, ಬೀಸಣಿಗೆ, ಟೀ ಶರ್ಟ್. ಆದರೆ ಆ ಬೀದಿಗೆ ಪಗೋಡಾ ಅಂತ ಹೆಸರು ಬಂದದ್ದು ಚೀನಿಯರ ಗುಡಿಯಿಂದಲ್ಲ, ನಮ್ಮ ಮಾರಿಯಮ್ಮನ ಗೋಪುರದಿಂದ! ಪಕ್ಕದ ಟೆಂಪಲ್ ಸ್ಟ್ರೀಟಿಗೂ ಅದೇ ಗುಡಿಯ ಹೆಸರು. ಆಚೆಯ ಮಾಸ್ಕ್ ಸ್ಟ್ರೀಟ್ ಜಾಮೆ ಮಸೀದಿಯದು. 1826ರಲ್ಲಿ ಶುರುವಾದ ಆ ಮಸೀದಿ ಕೋರಮಂಡಲ ತೀರದಿಂದ ಬಂದ ತಮಿಳು ಮುಸ್ಲಿಮರದು. ಅಂದರೆ ಚೀನಿಯರ ಕೇರಿಯ ನಡುಮಧ್ಯದ ಮೂರು ಬೀದಿಗೆ ನಮ್ಮ ಕಡೆಯವರಿಂದ ಹೆಸರು. ಇದನ್ನು ಹೇಳಿದ ಕೂಡಲೇ ಎಂಥ ಯಜಮಾನರೂ ಹಿಂದೆ ತಿರುಗಿ ನೋಡ್ತಾರೆ.

ಮಾರಿಯಮ್ಮನ ಗುಡಿ ಶುರುವಾದದ್ದು 1827ರಲ್ಲಿ. ಕಟ್ಟಿಸಿದವರು ನಾರಾಯಣ ಪಿಳ್ಳೈ. 1819ರಲ್ಲಿ, ಸಿಂಗಪುರದಲ್ಲಿ ಬ್ರಿಟಿಷರ ನೆಲೆ ಹಾಕಿದ ರಾಫಲ್ಸ್ ಜೊತೆ, ಈಗಿನ ಮಲೇಷ್ಯಾದ ಪೆನಾಂಗ್‌ನಿಂದ ಬಂದು, ಇಲ್ಲಿ ಇಟ್ಟಿಗೆ ಗೂಡು ಹಾಕಿದವರು. ಮೊದಲು ಮರ, ಗರಿಯ ಗುಡಿಸಲಂಥ ಗುಡಿ. ದೀಪಾವಳಿಗೆ ಮುಂಚೆ ಅಲ್ಲಿ ಕೆಂಡ ಹಾಯುತ್ತಾರೆ. ನೀವು ಬರುವ ಹೊತ್ತಿಗೆ ಅದು ಮುಗಿದಿರಬಹುದು. ಗುಡಿಗೆ ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಅದಕ್ಕೇ ಬೆಳಗಿನ ವಾಕ್ ಹಿಡಿಯಿರಿ. ನವೆಂಬರ್‌ನಲ್ಲಿ ಮಧ್ಯಾಹ್ನದ ಮಳೆ ಬೇರೆ.

ಗೈಡ್ ಹತ್ತಿರ ಒಂದೇ ಮಾತು ಕೇಳಿ: ‘ತೆಲೋಕ್ ಆಯರ್ ಬೀದಿಗೆ ಹೋಗ್ತೀರಾ?’ ಇಲ್ಲ ಅಂದರೆ ಬೇರೆಯವರನ್ನು ನೋಡಿ. ಆ ಬೀದಿ ಮೊದಲು ಕಡಲ ದಂಡೆ. ಹಡಗು ಇಳಿದವರು ಜೀವ ಉಳಿಯಿತಲ್ಲ ಅಂತ ಮೊದಲು ಕೈ ಮುಗಿಯುತ್ತಿದ್ದದ್ದು ಅಲ್ಲೇ. ಥಿಯಾನ್ ಹಾಕ್ ಕೆಂಗ್ ಗುಡಿಯನ್ನು ಚೀನಾದ ಫುಜಿಯಾನ್ ಕಡೆಯಿಂದ ಬಂದ ಹೊಕ್ಕಿಯನ್ ಜನ 1839ರಿಂದ 1842ರವರೆಗೆ ಕಟ್ಟಿದರು. ಅಲ್ಲಿರುವುದು ಮಾಝು, ಕಡಲಿಗೆ ಹೋದವರನ್ನು ಕಾಯುವ ತಾಯಿ. ಸ್ವಲ್ಪ ದೂರದಲ್ಲೇ 1830ರ ಹೊತ್ತಿಗೆ ಕಟ್ಟಿದ ನಾಗೂರ್ ದರ್ಗಾ, ತಮಿಳುನಾಡಿನ ನಾಗೂರಿನ ಸಂತ ಶಾಹುಲ್ ಹಮೀದ್ ನೆನಪಿಗೆ. ಕಡಲು ಈಗ ಎಲ್ಲಿ? ಮಣ್ಣು ತುಂಬಿ ತುಂಬಿ ದೂರ ತಳ್ಳಿದ್ದಾರೆ. ಗುಡಿಯ ಎದುರು ಈಗ ಆಫೀಸು ಕಟ್ಟಡಗಳು. ಗೈಡ್ ಇಲ್ಲದಿದ್ದರೆ ‘ಇದು ದಂಡೆ’ ಅಂತ ನಿಮಗೆ ಹೊಳೆಯುವುದೇ ಇಲ್ಲ.

ಅತ್ತೆಯವರ ಮಂಡಿಗೆ: ನಡುವೆ ಆನ್ ಸಿಯಾಂಗ್ ಅನ್ನುವ ದಿಬ್ಬ ಇದೆ, ಮೆಟ್ಟಿಲು ಜಾಸ್ತಿ. ಸುತ್ತಿಕೊಂಡು ಹೋಗೋಣ ಅಂತ ಗೈಡ್‌ಗೆ ಮೊದಲೇ ಹೇಳಿ. ವಾಪಸ್ ನಡೆಯಬೇಡಿ. ತೆಲೋಕ್ ಆಯರ್‌ನಲ್ಲಿ ಮೆಟ್ರೋ ಹತ್ತಿದರೆ ಮುಂದಿನ ಸ್ಟೇಷನ್ನೇ ಚೈನಾಟೌನ್.

ಒಮ್ಮೆ ಬಿದ್ದವ:

ನನ್ನದು ಬೇರೆ ಕಥೆ. ‘ಫ್ರೀ ಟೂರ್, ಕೊನೆಗೆ ಮನಸ್ಸಿದ್ದಷ್ಟು ಕೊಡಿ’ ಅಂತ ಇತ್ತು. ಹೋದರೆ ಮೂವತ್ತು ಜನ. ಹಿಂದೆ ನಿಂತವರಿಗೆ ಗೈಡಿನ ಛತ್ರಿ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಇನ್ನೊಂದು ಸಲ ದುಡ್ಡು ಕೊಟ್ಟೇ ಹೋದೆವು. ಅವರು ನಮ್ಮನ್ನು ಒಂದು ಗಿಡಮೂಲಿಕೆ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕೂರಿಸಿ, ನಾಲಿಗೆ ಚಾಚಿಸಿ, ನನ್ನ ಹೆಂಡತಿಗೆ ಯಾವುದೋ ಬೇರು ಮಾರಿಸಿದರು. ಅದು ಇವತ್ತಿಗೂ ಅಡುಗೆಮನೆ ಡಬ್ಬಿಯಲ್ಲಿದೆ. ಯಾವ ಕಾಯಿಲೆಗೆ ಅಂತ ಇಬ್ಬರಿಗೂ ಮರೆತಿದೆ.

ಬುಕ್ ಮಾಡುವ ಮುಂಚೆ ಎಷ್ಟು ಜನ, ಯಾವ ಅಂಗಡಿಗೆ ಕರೆದುಕೊಂಡು ಹೋಗ್ತೀರಿ ಅಂತ ಕೇಳಿ. ಸಿಂಗಪುರದಲ್ಲಿ ದುಡ್ಡು ತೆಗೆದುಕೊಂಡು ಊರು ತೋರಿಸುವವರಿಗೆ ಅಲ್ಲಿನ ಟೂರಿಸಂ ಬೋರ್ಡಿನ ಲೈಸೆನ್ಸ್ ಇರಲೇಬೇಕು. ಕಾರ್ಡ್ ತೋರಿಸಿ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಫಿಲ್ಟರ್ ಕಾಫಿ:

ಟೂರ್ ಬಗ್ಗೆ ಬೇರೆಯವರು ಹೇಳಲಿ. ನಾನು ಕಾಫಿಗೆ ಮಾತ್ರ. ಅಲ್ಲಿ ‘ಕೋಪಿ’ ಅಂದರೆ ಕಂಡೆನ್ಸ್ಡ್ ಮಿಲ್ಕ್ ಸುರಿದದ್ದು, ಪಾಯಸದ ಸಿಹಿ. ಬೀಜವನ್ನೇ ಸಕ್ಕರೆ, ಮಾರ್ಗರಿನ್ ಹಾಕಿ ಹುರಿಯುತ್ತಾರೆ. ‘ಕೋಪಿ ಸಿ ಕೋಸೋಂಗ್’ ಅಂತ ಹೇಳಿ, ಸಕ್ಕರೆ ಇಲ್ಲದೆ ಗಟ್ಟಿ ಹಾಲಿನದು ಕೊಡುತ್ತಾರೆ. ಚಿಕ್ಕಮಗಳೂರನ್ನು ಮನಸ್ಸಲ್ಲಿ ಇಟ್ಟುಕೊಂಡು ಕುಡಿಯಬೇಡಿ.

ಎರಡನೇ ಮಹಡಿ:

ಊಟದ ಬಗ್ಗೆ ನಾನು ಹೇಳ್ತೀನಿ, ನಮ್ಮಮ್ಮನೂ ಹಾಗೇ. ಬೌದ್ಧರ ಕಟ್ಟುನಿಟ್ಟಿನ ಸಸ್ಯಾಹಾರದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಎರಡೂ ಇಲ್ಲ! ಚೀನಿಯರಲ್ಲೂ ಎಷ್ಟೋ ಜನ ಚಾಂದ್ರಮಾನ ತಿಂಗಳ ಮೊದಲನೇ ದಿನ, ಹದಿನೈದನೇ ದಿನ ಮಾಂಸ ಮುಟ್ಟುವುದಿಲ್ಲ. ಅಮ್ಮನಿಗೆ ಅದು ಕೇಳಿದ ಮೇಲೆ ಅವರ ಮೇಲೆ ಭಾರಿ ಗೌರವ. ಆದರೆ ತಟ್ಟೆ ಬಂದಾಗ ಕಿರುಚಿದರು. ಸೋಯಾದಲ್ಲಿ ಮಾಡಿದ್ದೇ, ನೋಡಲು ಮಾತ್ರ ಥೇಟ್ ಕೋಳಿ ಕಾಲು. ಮೊದಲೇ ಹೇಳಿಟ್ಟಿರಿ. ಮೊಟ್ಟೆ ಇದೆಯಾ ಅಂತ ಬಿಡಿಸಿ ಕೇಳಿ, ಎಲ್ಲ ಅಂಗಡಿಯೂ ಒಂದೇ ಥರ ಅಲ್ಲ.

ಚೈನಾಟೌನ್ ಕಾಂಪ್ಲೆಕ್ಸ್ ಎರಡನೇ ಮಹಡಿಯಲ್ಲಿ ಇನ್ನೂರಕ್ಕೂ ಜಾಸ್ತಿ ತಿಂಡಿ ಅಂಗಡಿ. ಬೀದಿಯಲ್ಲಿ ಮಾರುತ್ತಿದ್ದವರನ್ನು 1983ರಲ್ಲಿ ಒಳಗೆ ತಂದು ಕೂರಿಸಿದ ಕಟ್ಟಡ ಅದು. ನೆಲಮಾಳಿಗೆಯಲ್ಲಿ ಮೀನು, ಕಪ್ಪೆಯ ಸಂತೆ. ಗೈಡ್‌ಗಳಿಗೆ ಅಲ್ಲಿಗೆ ಕರೆದುಕೊಂಡು ಹೋಗುವುದೆಂದರೆ ಖುಷಿ. ಅತ್ತೆಯವರನ್ನು ಆ ಹೊತ್ತಿಗೆ ಹತ್ತಿರದ ಬುದ್ಧನ ಹಲ್ಲಿನ ಗುಡಿಯಲ್ಲಿ ಕೂರಿಸಿಬಿಡಿ. 2007ರದು, ಹೊಸದೇ. ಆದರೆ ತಂಪಾಗಿದೆ, ಲಿಫ್ಟ್ ಇದೆ, ಟಿಕೆಟ್ ಇಲ್ಲ.

ರಿಟೈರ್ಡ್ ಮೇಷ್ಟ್ರು:

ಗೈಡ್ ಇಲ್ಲದೆಯೂ ಆಗುತ್ತದಮ್ಮ. ಮುಖ್ಯ ಜಾಗಗಳಲ್ಲಿ ಇಂಗ್ಲಿಷ್ ಫಲಕಗಳಿವೆ, ಮಗಳೇ ಓದಿ ಹೇಳಲಿ. ಚೈನಾಟೌನ್‌ಗೆ ಕ್ರೇಟಾ ಆಯರ್ ಅಂತಲೂ ಹೆಸರು, ಅಂದರೆ ಮಲಯ ಭಾಷೆಯಲ್ಲಿ ನೀರಿನ ಗಾಡಿ. ಚೀನೀ ಹೆಸರೂ ಅದೇ, ಎತ್ತು, ಗಾಡಿ, ನೀರು. ಬಾವಿಯಿಂದ ಎತ್ತಿನ ಗಾಡಿಯಲ್ಲಿ ನೀರು ಬರುತ್ತಿದ್ದ ಕೇರಿ. ಇಂಥದ್ದು ಫಲಕದಲ್ಲೇ ಸಿಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಸೋತೆ. ಸಾಗೋ ಲೇನ್‌ನಲ್ಲಿ ಒಬ್ಬನೇ ನಡೆದಾಗ ಬರೀ ಒಂದು ಗಲ್ಲಿ. ಮಾರನೇ ದಿನ ಒಬ್ಬ ಹಿರಿಯ ಗೈಡ್ ಜೊತೆ ಹೋದೆ. ಸಾಯುವ ಮನೆಗಳು ಇದ್ದದ್ದು ಅಲ್ಲಿಯೇ ಅಂದರು. ಆಗ ಸುತ್ತಲಿನ ಮನೆಗಳಲ್ಲಿ ಒಂದೊಂದು ಗೂಡಿನಂಥ ಕೋಣೆಯಲ್ಲಿ ಹತ್ತಾರು ಕೂಲಿಗಳು ವಾಸ. ಅಲ್ಲಿ ಸತ್ತರೆ ಉಳಿದವರಿಗೆ ಕೇಡು ಅಂತ ನಂಬಿಕೆ. ಅದಕ್ಕೆ ಕಾಯಿಲೆ ವಾಸಿಯಾಗುವುದಿಲ್ಲ ಅಂತ ಗೊತ್ತಾದವರು ಸಾಗೋ ಲೇನಿನ ಈ ಮನೆಗಳಿಗೆ ಬಂದು ಮಲಗುತ್ತಿದ್ದರು. ಕೆಳಗೆ ಹೆಣದ ಕೆಲಸ, ಮೇಲೆ ಇನ್ನೂ ಉಸಿರಾಡುತ್ತಿರುವವರು. 1961ರಲ್ಲಿ ಸರ್ಕಾರ ನಿಲ್ಲಿಸಿತು. ಸಾಯಲಿಕ್ಕೆ ಕಾಶಿಗೆ ಹೋದವರ ಕಥೆ ಕೇಳಿ ಬೆಳೆದವನು ನಾನು. ಇವರು ಹೋಗುತ್ತಿದ್ದದ್ದು ಮೋಕ್ಷಕ್ಕಲ್ಲ, ಪಕ್ಕದ ಚಾಪೆಯವನಿಗೆ ತೊಂದರೆ ಆಗಬಾರದು ಅಂತ. ಎರಡು ನಿಮಿಷ ಅಲ್ಲೇ ನಿಂತುಬಿಟ್ಟೆ. ಫಲಕ ಓದಿದ್ದರೆ ನಿಲ್ಲುತ್ತಿರಲಿಲ್ಲವೇನೋ.

ಬೆಡೋಕ್ ಬಸಣ್ಣ:

ಅದೇ ನಾನು ಹೇಳಿದ್ದು ಸರ್!

ದಾವಣಗೆರೆ ಸೊಸೆ, ಹೋಗಿ ಬಂದ ಮೇಲೆ:

ಎಲ್ಲರಿಗೂ ಥ್ಯಾಂಕ್ಸ್. ನಾವು ನಾಲ್ಕು ಜನಕ್ಕೇ ಅಂತ ಗೈಡ್ ಹಿಡಿದೆವು. ದುಡ್ಡು ಜಾಸ್ತಿಯೇ ಆಯಿತು, ಯಜಮಾನರು ಮೊದಲ ಅರ್ಧ ಗಂಟೆ ಅದನ್ನೇ ಹೇಳಿದರು. ಪಗೋಡಾ ಹೆಸರಿನ ಕಥೆ ಕೆಲಸ ಮಾಡಿತು ಬಸಣ್ಣ. ಆಮೇಲೆ ಅವರದೇ ಪ್ರಶ್ನೆ, ಗೈಡ್‌ಗೆ ಉಸಿರಾಡಲು ಬಿಡಲಿಲ್ಲ.

ಅತ್ತೆ ಮಾರಿಯಮ್ಮನ ಹತ್ತಿರ ಇಪ್ಪತ್ತು ನಿಮಿಷ ಕೂತರು. ಮಂಡಿಗೆ ಅದೇ ವಿಶ್ರಾಂತಿ. ಒಂದು ಹಳೇ ಅಂಗಡಿಮನೆಯ ಒಳಗೆ ಕರೆದುಕೊಂಡು ಹೋದರು. ಕೆಳಗೆ ಅಂಗಡಿ, ಮೇಲೆ ಮನೆ. ಮುಂದೆ ಅಗಲ ಕಡಿಮೆ, ಒಳಗೆ ಹೋದಷ್ಟೂ ಉದ್ದ. ನಡುವೆ ಗಾಳಿ ಬೆಳಕಿಗೆ ಸೂರು ಬಿಟ್ಟಿದ್ದಾರೆ, ಮಳೆನೀರು ಒಳಗೇ ಬೀಳುತ್ತದೆ. ‘ಇದು ತೊಟ್ಟಿಮನೆ ಅಲ್ವಾ, ಇದಕ್ಕೆ ಇಷ್ಟು ದೂರ ಬರಬೇಕಿತ್ತಾ’ ಅಂದರು ಅತ್ತೆ. ಮನೆ ಮುಂದಿನ ಜಗುಲಿ ಬೀದಿಯುದ್ದಕ್ಕೂ ಒಂದಕ್ಕೊಂದು ಸೇರಿಕೊಂಡೇ ಇದೆ. ಐದಡಿ ದಾರಿ ಅಂತಾರೆ. ರಾಫಲ್ಸ್ 1822ರಲ್ಲೇ ಮಾಡಿದ ಕಟ್ಟುಪಾಡಂತೆ. ಹನ್ನೊಂದಕ್ಕೇ ಮಳೆ ಹೊಡೆಯಿತು, ಆ ಜಗುಲಿಯಲ್ಲೇ ನಡೆದೆವು, ಛತ್ರಿ ಬಿಚ್ಚಲಿಲ್ಲ.

ಮಗಳಿಗೆ ಹಿಡಿಸಿದ್ದು ಸಂಸುಯಿ ಹೆಂಗಸರ ಕಥೆ. ಚೀನಾದ ಸನ್‌ಶುಯಿಯಿಂದ ಬಂದು, ತಲೆಗೆ ಕೆಂಪು ಬಟ್ಟೆ ಕಟ್ಟಿ, ಕಟ್ಟಡಕ್ಕೆ ಮಣ್ಣು, ಇಟ್ಟಿಗೆ ಹೊತ್ತವರು. ಅವಳ ಸ್ಕೂಲ್ ಪ್ರಾಜೆಕ್ಟ್ ಈಗ ಅದೇ. ಕೋಳಿ ಕಾಲಿನ ಸೋಯಾ ಮಾತ್ರ ಅತ್ತೆ ಎಷ್ಟು ಹೇಳಿದರೂ ಮುಟ್ಟಲಿಲ್ಲ. ಅನ್ನ, ಸೊಪ್ಪು, ತೋಫು ತಿಂದರು, ಬ್ಯಾಗಿನಿಂದ ಚಟ್ನಿಪುಡಿ ತೆಗೆದು ಹಾಕಿಕೊಂಡರು.

ಮುಂದಿನ ವರ್ಷ ಪೆನಾಂಗ್ ಅಂತ ಯಜಮಾನರೇ ಹೇಳ್ತಿದ್ದಾರೆ. ಅಲ್ಲಿಗೆ ಹೋಗಿ ಬಂದವರು ಇದ್ದೀರಾ? ಮೆಟ್ಟಿಲು ಎಷ್ಟಿದೆ ಅಂತ ಅತ್ತೆ ಕೇಳ್ತಿದ್ದಾರೆ.